ಕಾಲೇಜನ್ನು ಸಂಜೆ ಹೊತ್ತು ನೋಡಿ ಬನ್ನಿ

ಪಿಯುಸಿ ಮುಗಿಸಿ ಮುಂದೆ ಯಾವ ಕಾಲೇಜು ಎಂದು ಲೆಕ್ಕ ಹಾಕುತ್ತಿರುವ ಹೊಳೆಯಾಚೆಯ ಮಕ್ಕಳೇ, ನಿಮ್ಮ ಹಿಂದಿನವರಿಗೆ ಈ ಲೆಕ್ಕ ಹಾಕುವ ಅವಕಾಶವೇ ಹೆಚ್ಚು ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ನೀರು ನಿಂತ ಮೇಲೆ ಕರೂರು, ಬಾರಂಗಿ ಕಡೆಯ ಊರುಗಳಿಗೆ ಸಾಗರ ದೂರವಾಯಿತು. ದಿನವೂ ಓಡಾಡಿ ಓದುತ್ತಿದ್ದವರಿಗೆ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚೇ ಗಡಿಯಾರವಾಗಿತ್ತು. ನಾನು ಸಾಗರದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಕೊನೆಯ ಪೀರಿಯಡ್ಡಿನಲ್ಲಿ ಯಾರು ಬ್ಯಾಗಿಗೆ ಪುಸ್ತಕ ತುಂಬಿ ಬೆಂಚಿನ ತುದಿಗೆ ಸರಿದು ಕೂತಿದ್ದಾರೆ ಎಂದು ನೋಡಿದರೆ ಸಾಕು, ಹೊಳೆಯಾಚೆಯ ತುಮರಿ ಕಡೆಯವರು ಯಾರು ಎಂಬುದು ತಿಳಿಯುತ್ತಿತ್ತು. ಗಂಟೆ ಹೊಡೆದೊಡನೆ ಓಡಬೇಕು, ಬಸ್ಸು ಹಿಡಿಯಬೇಕು, ಸಂಜೆಯ ಲಾಂಚ್ ತಪ್ಪಿದರೆ ಆಚೆ ದಡದ ಮನೆ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ನಾಟಕದ ತಾಲೀಮು, ಎನ್ನೆಸ್ಸೆಸ್ಸು, ಕಬಡ್ಡಿ, ಗೆಳತಿಯ ಮನೆಯ ಕಾಫಿ ಎಲ್ಲವೂ ನಡೆಯುವುದು ನಾಲ್ಕು ಗಂಟೆಯ ಮೇಲೆ. ಆ ಮಕ್ಕಳು ಮೂರು ವರ್ಷ ಓದಿ, ಒಳ್ಳೆಯ ಅಂಕವನ್ನೂ ತೆಗೆದು, ಕಾಲೇಜು ಎಂದರೇನು ಎಂದು ಅರಿಯದೆ ಹೋದರು. ನನಗೆ ಇವತ್ತಿಗೂ ಅದು ಬೇಜಾರು.

2025ರ ಜುಲೈ 14ರಂದು ಇದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ಅದರ ಮೇಲೆ ಹಾದು ನೀವೀಗ ಸಾಗರಕ್ಕೂ ಹೋಗಬಹುದು, ಶಿವಮೊಗ್ಗಕ್ಕೂ ಹೋಗಬಹುದು, ಅಲ್ಲಿಂದಾಚೆಗೂ ಹೋಗಬಹುದು. ದಾರಿ ತೆರೆದಾಗ ಆರಿಸುವ ಹೊಣೆಯೂ ಬಂತು. ಆದರೆ ಆರಿಸುವುದು ಹೇಗೆ ಎಂದು ನಮ್ಮಲ್ಲಿ ಯಾರೂ ಹೇಳಿಕೊಡುವುದಿಲ್ಲ. ಸೀಟು ಸಿಕ್ಕಿತೇ, ಫೀಸು ಎಷ್ಟು, ಪ್ಲೇಸ್‌ಮೆಂಟ್ ಇದೆಯೇ ಎಂಬ ಮೂರು ಮಾತಿಗೆ ಮನೆಯ ಜಗಲಿಯ ಚರ್ಚೆ ಮುಗಿಯುತ್ತದೆ. ಆ ಊರಿನಲ್ಲಿ ಈ ಮಗು ಸಂಜೆ ಯಾರ ಜೊತೆ ಇರುತ್ತದೆ, ರಾತ್ರಿ ಹೆದರಿಕೆಯಾದರೆ ಯಾರ ಬಾಗಿಲು ತಟ್ಟುತ್ತದೆ ಎಂದು ಕೇಳುವವರು ಕಡಿಮೆ.

ಹಾಗಾಗಿ ನಾನು ಹೇಳುವುದು ಇಷ್ಟೇ: ಸೇರುವ ಮುಂಚೆ ಆ ಕಾಲೇಜನ್ನು ಸಂಜೆ ಹೊತ್ತು ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಕಾಲೇಜೂ ಒಂದೇ ಥರ ಇರುತ್ತವೆ. ಆಫೀಸಿನವರು ಕುರ್ಚಿ ಹಾಕುತ್ತಾರೆ, ಲ್ಯಾಬು ತೋರಿಸುತ್ತಾರೆ, ಬಣ್ಣದ ಪ್ರಾಸ್ಪೆಕ್ಟಸ್ ಕೊಡುತ್ತಾರೆ. ಪಾಠ ಮುಗಿದ ಮೇಲೆ ಅಲ್ಲಿಯ ಆವರಣದಲ್ಲಿ ಎರಡು ತಾಸು ಇದ್ದು ನೋಡಿ. ದೀಪ ಹತ್ತುತ್ತದೆಯೇ? ಗ್ರಂಥಾಲಯ ತೆರೆದಿರುತ್ತದೆಯೇ? ಹುಡುಗಿಯರು ಹೊರಗೆ ಕಾಣುತ್ತಾರೋ, ಇಲ್ಲ ಐದು ಗಂಟೆಗೆಲ್ಲ ಮಾಯವಾಗುತ್ತಾರೋ? ಲೈಬ್ರರಿಯಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ಬಸ್ ಸ್ಟಾಪಿಗೆ ನೀವೇ ನಡೆದು ನೋಡಿ. ನಿಮ್ಮ ಕಾಲು ತಾನಾಗಿ ಬೇಗ ಬೇಗ ಬಿದ್ದರೆ ಆ ದಾರಿ ಹೇಗಿದೆ ಎಂದು ಮತ್ತೊಬ್ಬರು ಹೇಳಬೇಕಿಲ್ಲ. ಶೌಚಾಲಯಕ್ಕೂ ಹೋಗಿ. ಚಿಲಕ ಹಾಕಲು ಬರುತ್ತದೆಯೇ, ನೀರಿದೆಯೇ, ದೀಪವಿದೆಯೇ? ಶೌಚಾಲಯ ಸರಿಯಿಲ್ಲದ ಕಡೆ ಹುಡುಗಿಯರು ಇಡೀ ದಿನ ನೀರು ಕುಡಿಯದೆ ಕೂತಿರುವುದನ್ನು ನಾನು ಕಂಡಿದ್ದೇನೆ. ಅಷ್ಟು ಚಿಕ್ಕ ವಿಷಯ ನೋಡಿಕೊಳ್ಳದ ಆಡಳಿತ ದೊಡ್ಡ ವಿಷಯ ನೋಡಿಕೊಳ್ಳುತ್ತದೆ ಎಂದು ನಾನು ನಂಬುವುದಿಲ್ಲ.

ಸಿಇಟಿ ಬರೆದವರು ಒಂದು ಗಮನಿಸಿ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜು ಎಂದರೆ ಒಂದು ಕೋಡು. ಸೈಬರ್ ಸೆಂಟರಿನಲ್ಲಿ ಕೂತು ಪಕ್ಕದವನು ಹೇಳಿದ ಕೋಡನ್ನು ಒತ್ತಿ ಬರುವವರು ಎಷ್ಟೋ ಮಂದಿ. ಮೊದಲು ಅಣಕು ಹಂಚಿಕೆಯ ಪಟ್ಟಿ ಬರುತ್ತದೆ, ಆಮೇಲೆ ಆಪ್ಷನ್ ಬದಲಾಯಿಸಲು ಸಮಯ ಕೊಡುತ್ತಾರೆ. ಆ ಸಮಯ ಇರುವುದೇ ಹೋಗಿ ನೋಡಿ ಬರಲಿಕ್ಕೆ ಎಂದು ತಿಳಿಯಿರಿ. ಪಟ್ಟಿಯ ಮೇಲಿನ ಎರಡು ಮೂರು ಕಾಲೇಜಿಗಾದರೂ ಹೋಗಿ ಬನ್ನಿ. ನಾಲ್ಕು ವರ್ಷ ಬದುಕುವ ಜಾಗಕ್ಕೆ ಒಂದು ದಿನದ ಬಸ್ ಚಾರ್ಜು ದುಬಾರಿಯಲ್ಲ.

ಹೋದಾಗ ಯಾರನ್ನು ಕೇಳಬೇಕು? ಪ್ರಿನ್ಸಿಪಾಲರನ್ನು ಕೇಳಿದರೆ "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಎನ್ನುತ್ತಾರೆ. ಎರಡನೆಯ ವರ್ಷದ ಮಕ್ಕಳನ್ನು ಕೇಳಿ, ಅದರಲ್ಲೂ ನಿಮ್ಮ ಹಾಗೆ ಹಳ್ಳಿಯಿಂದ ಬಂದವರನ್ನು. "ಇಲ್ಲಿ ಸೇಫಾ?" ಎಂದು ಕೇಳಿದರೆ ಹೌದೆಂದೇ ಹೇಳುತ್ತಾರೆ. "ಹೋದ ವರ್ಷ ನಿನಗೆ ಜ್ವರ ಬಂದಾಗ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು?" ಎಂದು ಕೇಳಿ. "ಭಾನುವಾರ ಏನು ಮಾಡುತ್ತೀಯ?" ಎಂದು ಕೇಳಿ. ಯಾರ ಮೇಲಾದರೂ ದೂರು ಕೊಟ್ಟವರಿದ್ದಾರೆಯೇ, ಕೊಟ್ಟ ಮೇಲೆ ಏನಾಯಿತು ಎಂದು ಕೇಳಿ. ಉತ್ತರ ಹೇಳುವ ಮೊದಲು ಅವರು ಅತ್ತಿತ್ತ ನೋಡಿದರೆ ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಸಾಧ್ಯವಾದರೆ ಕ್ಯಾಂಟೀನಿನಲ್ಲೋ ಮೆಸ್ಸಿನಲ್ಲೋ ಒಂದು ಊಟ ಮಾಡಿ. ಜಾತಿಗೊಂದು ಮೇಜು, ಊರಿಗೊಂದು ಮೇಜು, ದುಡ್ಡಿದ್ದವರಿಗೊಂದು ಮೇಜು ಎಂದು ಮಕ್ಕಳು ತಾವೇ ಹಂಚಿಕೊಂಡು ಕೂತಿರುವುದು ಅಲ್ಲಿ ಕಾಣುತ್ತದೆ. ಹೊಸಬರೊಬ್ಬರು ತಟ್ಟೆ ಹಿಡಿದು ನಿಂತರೆ ಯಾರಾದರೂ ಸರಿದು ಜಾಗ ಕೊಡುತ್ತಾರೆಯೇ ಎಂದು ನೋಡಿ. ನಾನು ವಾರ್ಡನ್ ಆಗಿದ್ದಷ್ಟು ಕಾಲ ಹೊಸ ಬ್ಯಾಚು ಹೊಂದಿಕೊಂಡಿತೋ ಇಲ್ಲವೋ ಎಂದು ತಿಳಿಯುತ್ತಿದ್ದುದು ಊಟದ ಮನೆಯಲ್ಲೇ.

ಈಗ ಕಾನೂನಿನ ವಿಷಯ ಸ್ವಲ್ಪ ಹೇಳಬೇಕು. ಇದು ಮಕ್ಕಳಿಗೂ ಗೊತ್ತಿಲ್ಲ, ಹೆತ್ತವರಿಗೂ ಗೊತ್ತಿಲ್ಲ. 2009ರ ಮಾರ್ಚಿನಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ ಅಮನ್ ಕಚ್ರೂ ಎಂಬ ಹುಡುಗ ಸೀನಿಯರುಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ಯುಜಿಸಿ ರ‍್ಯಾಗಿಂಗ್ ತಡೆಯ ನಿಯಮಾವಳಿ ತಂದಿತು. ಅದರ ಪ್ರಕಾರ ಹೊಸ ಮಕ್ಕಳನ್ನು ಆದಷ್ಟು ಮಟ್ಟಿಗೆ ಹಾಸ್ಟೆಲಿನ ಬೇರೆ ಬ್ಲಾಕಿನಲ್ಲಿ ಇಡಬೇಕು. ವಾರ್ಡನ್ ಯಾವ ಹೊತ್ತಿನಲ್ಲಾದರೂ ಸಿಗುವಂತಿರಬೇಕು. ಅಪರಾಧವೆನ್ನುವಂಥದ್ದು ನಡೆದರೆ ಕಾಲೇಜಿನ ಮುಖ್ಯಸ್ಥರು ವಿಷಯ ತಿಳಿದ 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು. 2016ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿತು: ಜಾತಿ, ಧರ್ಮ, ಬಣ್ಣ, ಭಾಷೆ, ಹುಟ್ಟಿದ ಊರು, ಬಡತನ ಇವುಗಳ ಹೆಸರಿನಲ್ಲಿ ಕೊಡುವ ಹಿಂಸೆಯೂ ರ‍್ಯಾಗಿಂಗೇ. ನಮ್ಮ ಕಡೆಯ ಮಾತಿನ ರಾಗವನ್ನು ಅಣಕಿಸಿ, "ಕಾಡಿನಿಂದ ಬಂದವಳು" ಎಂದು ದಿನಾ ಹತ್ತು ಜನರ ಮುಂದೆ ನಿಲ್ಲಿಸಿ ನಗುವುದು ತಮಾಷೆಯಲ್ಲ. ಅದನ್ನು ಸಹಿಸಿಕೊಳ್ಳುವುದು ದೊಡ್ಡತನವೂ ಅಲ್ಲ. ಇದಕ್ಕೆಂದೇ ಹಗಲೂ ರಾತ್ರಿ ತೆಗೆದುಕೊಳ್ಳುವ ರಾಷ್ಟ್ರೀಯ ಸಹಾಯವಾಣಿ ಇದೆ: 1800-180-5522.

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ರ‍್ಯಾಗಿಂಗ್ ತಡೆ ಸಮಿತಿಯ ಹೆಸರು, ಫೋನ್ ನಂಬರು ಇರುತ್ತದೆ. ಹೆಚ್ಚಿನ ಕಡೆ ಗಾಜಿನ ಒಳಗೆ ಹಳದಿಯಾದ ಒಂದು ಹಾಳೆ. ಅದರಲ್ಲಿ ವರ್ಗವಾಗಿ ಹೋದ ಮೇಷ್ಟರ ಹೆಸರು ಇದ್ದರೂ ಇರಬಹುದು. ಮೊಬೈಲಿನಲ್ಲಿ ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಅದರಲ್ಲಿರುವ ಒಂದು ನಂಬರಿಗೆ ಫೋನ್ ಮಾಡಿ. ಎತ್ತಿ, "ಯಾರಮ್ಮಾ, ಏನಾಗಬೇಕಿತ್ತು?" ಎಂದು ಕೇಳಿದರೆ ಆ ಕಾಲೇಜಿಗೆ ನಾನು ಅರ್ಧ ಅಂಕ ಅಲ್ಲೇ ಕೊಡುತ್ತೇನೆ. "ಸೇರಬೇಕೆಂದಿದ್ದೇನೆ ಮೇಡಂ, ಹಾಸ್ಟೆಲ್ ಬಗ್ಗೆ ಕೇಳಬೇಕಿತ್ತು" ಎಂದು ಹೇಳಿ, ಮಾತಾಡಿ. ನಂಬರು ಚಾಲ್ತಿಯಲ್ಲೇ ಇಲ್ಲದಿದ್ದರೆ ಅದಕ್ಕಿಂತ ಸ್ಪಷ್ಟ ಉತ್ತರ ನಿಮಗೆ ಬೇಕಿಲ್ಲ.

ಹುಡುಗಿಯರ ವಿಷಯಕ್ಕೆ ಬಂದಾಗ ನಮ್ಮ ಕಡೆಯ ಹೆತ್ತವರು ಕೇಳುವ ಮೊದಲ ಮಾತು "ಹಾಸ್ಟೆಲಿಗೆ ಬೀಗ ಎಷ್ಟು ಹೊತ್ತಿಗೆ ಹಾಕುತ್ತಾರೆ?" ಎಂದು. ಐದೂವರೆಗೆ ಎಂದರೆ ನೆಮ್ಮದಿಯಿಂದ ಅಡಕೆ ತೋಟಕ್ಕೆ ವಾಪಸು. ಅವರ ಭಯ ನನಗೆ ಅರ್ಥವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಕಾಲೇಜಿನ ಆವರಣದಲ್ಲೇ ಇರಿದು ಕೊಂದ ಮೇಲೆ ಯಾವ ತಾಯಿ ನಿದ್ದೆ ಮಾಡಿದಳು? ಆದರೆ ಅದು ನಡೆದದ್ದು ಹಗಲಿನಲ್ಲಿ, ಆವರಣದ ಒಳಗೆ. ಸಂಜೆಯ ಬೀಗದಿಂದ ಅದನ್ನು ತಡೆಯಲು ಆಗುತ್ತಿರಲಿಲ್ಲ. ಹುಡುಗಿಯೊಬ್ಬಳಿಗೆ ಯಾರಿಂದಲಾದರೂ ಕಾಟ ಶುರುವಾದರೆ ಆ ಮಾತನ್ನು ಹೇಳಿಕೊಳ್ಳಲು ಕಾಲೇಜಿನಲ್ಲಿ ಒಬ್ಬರಾದರೂ ಇರಬೇಕು, ಕೇಳಿದವರು ಅವಳನ್ನೇ ಬೈಯದೆ ಮುಂದಿನ ಕೆಲಸ ಮಾಡಬೇಕು. ನಾನು ಕಾವಲು ಎನ್ನುವುದು ಅದಕ್ಕೆ. ಕಾನೂನಿನ ಪ್ರಕಾರ ಪ್ರತಿ ಕಾಲೇಜಿನಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಹಿರಿಯ ಅಧ್ಯಾಪಕಿಯೊಬ್ಬರು ಅದರ ಅಧ್ಯಕ್ಷೆ, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಇದಕ್ಕೆ ಸಂಬಂಧಿಸಿದ ಯುಜಿಸಿಯ 2015ರ ನಿಯಮದಲ್ಲಿ ಇನ್ನೂ ಒಂದು ಮಾತಿದೆ: ಸುರಕ್ಷತೆಯ ನೆಪ ಹೇಳಿ ಹುಡುಗರ ಹಾಸ್ಟೆಲಿಗಿಲ್ಲದ ಕಟ್ಟುಪಾಡನ್ನು ಹುಡುಗಿಯರ ಹಾಸ್ಟೆಲಿಗೆ ಹಾಕಬಾರದು. ಈ ಮಾತನ್ನು ನಮ್ಮ ಕಡೆ ಹೇಳಿದರೆ ಹಿರಿಯರು ಮುಖ ಗಂಟಿಕ್ಕುತ್ತಾರೆ. ಹೇಳದೆ ಇರಲಾರೆ. ಆರು ಗಂಟೆಗೆ ಬೀಗ ಬೀಳುವ ಹಾಸ್ಟೆಲಿನ ಹುಡುಗಿಗೂ, ಲಾಂಚಿಗೆ ಓಡುತ್ತಿದ್ದ ಹುಡುಗಿಗೂ ಕಾಲೇಜಿನ ಸಂಜೆ ಒಂದೇ ರೀತಿ ತಪ್ಪಿಹೋಗುತ್ತದೆ.

ಮನೆಯಿಂದಲೇ ಓಡಾಡುತ್ತೇವೆ ಎನ್ನುವವರು ಕಾಲೇಜಿನ ಗೇಟಿನಿಂದ ಮನೆಯ ದಣಪೆಯವರೆಗೆ ಇಡೀ ದಾರಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊಸನಗರದ ನಿಟ್ಟೂರು, ಸಂಪೆಕಟ್ಟೆ ಕಡೆಯಾಗಲಿ, ತೀರ್ಥಹಳ್ಳಿಯ ಆಗುಂಬೆ ಕಡೆಯಾಗಲಿ, ಬಸ್ಸಿಳಿದ ಮೇಲೆ ಕಾಡುದಾರಿಯಲ್ಲಿ ನಡೆಯುವುದು ಇದ್ದೇ ಇದೆ. ಜುಲೈ ತಿಂಗಳಲ್ಲಿ ಐದು ಗಂಟೆಗೇ ಕತ್ತಲಾದಂತಿರುತ್ತದೆ. ವಿಜ್ಞಾನ ತೆಗೆದುಕೊಂಡರೆ ಪ್ರಾಕ್ಟಿಕಲ್ ಮುಗಿಯುವುದು ತಡ. ಆ ಹೊತ್ತಿಗೆ ಬಸ್ಸಿದೆಯೇ? 2023ರ ಜೂನ್‌ನಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಎಂಬುದೇನೋ ನಿಜ. ನಮ್ಮ ಕಡೆ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಟಿಕೆಟು ತೆಗೆಯಲೇಬೇಕು. ಹಾಸ್ಟೆಲಿನಲ್ಲಿ ಇರುವವರಿಗೆ ಇನ್ನೊಂದು ಮಾತು: ಹಿನ್ನೀರಿನ ಕಡೆಯ ಮನೆಗಳಲ್ಲಿ ಫೋನಿಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಮಗಳು ರಾತ್ರಿ ಫೋನ್ ಮಾಡಿದರೆ ಅಮ್ಮನಿಗೆ ಹೋಗುವುದಿಲ್ಲ. ಅಂಥವರು ಓದುವ ಊರಿನಲ್ಲೇ ಒಂದು ಮನೆಯನ್ನು ಗೊತ್ತು ಮಾಡಿಕೊಳ್ಳಿ. ಚಿಕ್ಕಮ್ಮನೋ, ಊರಿನವರೋ, ಯಾರಾದರೂ ಸರಿ. ಕರೆದಾಗ ಸ್ಕೂಟರ್ ಹತ್ತಿ ಬರುವವರಾಗಿರಬೇಕು, ಅಷ್ಟೇ.

ಇನ್ನು ಜೊತೆಯ ವಿಷಯ. ಒಳ್ಳೆಯ ಕಾಲೇಜು ಎಂದರೆ ಗದ್ದಲದ ಕಾಲೇಜು ಎಂದು ಯಾರೋ ನಿಮ್ಮ ತಲೆಗೆ ತುಂಬಿರಬಹುದು. ಫೆಸ್ಟು, ಡಿ.ಜೆ., ಟ್ರಿಪ್ಪು ಇಷ್ಟವಿದ್ದವರಿಗೆ ಅದು ಸರಿಯೇ. ಮಾತು ಕಡಿಮೆ ಇರುವ ಮಗುವಿಗೆ ಅಲ್ಲಿ ಉಸಿರುಗಟ್ಟುತ್ತದೆ. ಸಾಗರದ ಸರ್ಕಾರಿ ಮಹಿಳಾ ಕಾಲೇಜಿನಂಥ ಪೇಟೆಯ ಕಾಲೇಜಿನ ಬದುಕು ಒಂದು ರೀತಿ, ಆನಂದಪುರದ ಹತ್ತಿರ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಇನ್ನೊಂದು ರೀತಿ. ಪೇಟೆಯಿಂದ ದೂರದ ಆವರಣದಲ್ಲಿ ಜೊತೆಯೆಲ್ಲ ಹಾಸ್ಟೆಲಿನಲ್ಲೇ ಸಿಗಬೇಕು. ಅಲ್ಲಿ ಹೊಂದಿಕೊಂಡರೆ ಜನ್ಮದ ಗೆಳೆತನ, ಹೊಂದದಿದ್ದರೆ ಸಂಜೆ ಹೋಗಲು ಬೇರೆ ಜಾಗವಿಲ್ಲ. ಬೆಂಗಳೂರಿನ ಪಿ.ಜಿ.ಯಲ್ಲಿ ಅದರ ತಿರುಗು ಮುರುಗು: ಹೋಗಲು ಸಾವಿರ ಜಾಗ, ಬಂದೆಯಾ ಎಂದು ಕೇಳುವವರಿಲ್ಲ. ಯಾವುದೂ ಕೆಟ್ಟದ್ದಲ್ಲ. ನಿಮಗೆ ಯಾವುದು ಆಗಿಬರುತ್ತದೆ ಎಂಬುದು ನಿಮಗೇ ಗೊತ್ತು. ಅಕ್ಕನಿಗೆ ಹೊಂದಿದ್ದು ತಮ್ಮನಿಗೆ ಹೊಂದಬೇಕೆಂದಿಲ್ಲ. ಖರ್ಚನ್ನೂ ವಿಚಾರಿಸಿ. ತಿಂಗಳಿಗೆ ನಾಲ್ಕು ಹುಟ್ಟುಹಬ್ಬಕ್ಕೆ ದುಡ್ಡು ಹಾಕಬೇಕಾದ ಗುಂಪಿನಲ್ಲಿ ಕೂಲಿಯವರ ಮಗ ಎರಡನೇ ತಿಂಗಳಿಗೇ ಒಂಟಿಯಾಗುತ್ತಾನೆ.

ನಮ್ಮ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಿಂದ ಓದಲು ಮೈಸೂರಿಗೆ ಹೋದ ಪುಟ್ಟಪ್ಪ ಎಂಬ ಹುಡುಗ ಕಾಲೇಜಿನ ದಿನಗಳಲ್ಲಿ ಬಾಡಿಗೆ ಕೋಣೆಯಲ್ಲಿ ಕಾಯಿಲೆ ಬಿದ್ದಿದ್ದ. ಗುರು ಟಿ.ಎಸ್. ವೆಂಕಣ್ಣಯ್ಯನವರಂಥವರ ಕಾಳಜಿ, ಸ್ವಾಮಿ ಸಿದ್ಧೇಶ್ವರಾನಂದರ ಪ್ರೀತಿ ಸಿಕ್ಕಿ ರಾಮಕೃಷ್ಣಾಶ್ರಮದಲ್ಲಿ ಅವನಿಗೆ ನೆಲೆಯಾಯಿತು. ಆ ಹುಡುಗನೇ ಮುಂದೆ ಕುವೆಂಪು. ಮಹಾರಾಜಾ ಕಾಲೇಜು ಎಷ್ಟೇ ದೊಡ್ಡದಿರಲಿ, ಮಲೆನಾಡಿನಿಂದ ಒಂಟಿಯಾಗಿ ಹೋದ ಆ ಮಗುವಿಗೆ ಆಸರೆಯಾದದ್ದು ಹೀಗೆ ಕಂಡು ಕರೆದುಕೊಂಡ ಮನುಷ್ಯರು. ಕಾಲೇಜು ನೋಡಲು ಹೋದಾಗ ಅಂಥ ಒಬ್ಬ ಮೇಷ್ಟರು, ಒಬ್ಬ ಮೇಡಂ ಅಲ್ಲಿದ್ದಾರೆಯೇ ಎಂದು ಹುಡುಕಿ. ಮಕ್ಕಳನ್ನು ಕೇಳಿದರೆ ಹೆಸರು ತಾನಾಗಿ ಬರುತ್ತದೆ. ಯಾವ ಹೆಸರೂ ಬಾರದ ಕಾಲೇಜಿಗೆ ನಾನಾದರೆ ನನ್ನ ಮೊಮ್ಮಗಳನ್ನು ಕಳಿಸುವುದಿಲ್ಲ.

ಇಷ್ಟೆಲ್ಲ ನೋಡಿಯೂ ಒಮ್ಮೊಮ್ಮೆ ಆಯ್ಕೆ ತಪ್ಪುತ್ತದೆ. ಮೊದಲ ತಿಂಗಳು ಮನೆಯ ನೆನಪು ಎಲ್ಲರನ್ನೂ ಕಾಡುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಊಟ ಸೇರದೆ, ನಿದ್ದೆ ಬಾರದೆ, ಒಂದು ಹೆಸರು ಕೇಳಿದರೆ ಎದೆ ಹೊಡೆದುಕೊಳ್ಳುವ ಸ್ಥಿತಿ ಇದ್ದರೆ ಅದು ಮನೆಯ ನೆನಪಲ್ಲ. ಮನಸ್ಸು ಕುಸಿದಾಗ ಮಾತಾಡಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯವಿದ್ದರೆ 112. ಈ ಎರಡನ್ನೂ ಮೇಲೆ ಹೇಳಿದ ರ‍್ಯಾಗಿಂಗ್ ಸಹಾಯವಾಣಿಯನ್ನೂ ಇವತ್ತೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಹೆತ್ತವರಲ್ಲಿ ನನ್ನದೊಂದು ಬೇಡಿಕೆ. ಕಾಲೇಜು ನೋಡಲು ಮಗುವನ್ನು ಕರೆದುಕೊಂಡೇ ಹೋಗಿ, ಪ್ರಶ್ನೆಗಳನ್ನು ಮಗುವೇ ಕೇಳಲಿ. ಸೇರಿದ ಮೇಲೆ ಒಂದು ರಾತ್ರಿ ಫೋನ್ ಮಾಡಿ "ಇಲ್ಲಿ ನನಗೆ ಆಗುವುದಿಲ್ಲ" ಎಂದರೆ, "ಫೀಸು ಕಟ್ಟಿ ಆಗಿದೆ, ಅಡ್ಜಸ್ಟ್ ಮಾಡಿಕೋ" ಎಂದು ಬಾಯಿ ಮುಚ್ಚಿಸಬೇಡಿ. ಏನಾಯಿತು ಎಂದು ಪೂರ್ತಿ ಕೇಳಿ, ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಡಿ.