ತೋಟಕ್ಕೆ ಕೋವಿ ತಗೊಳ್ಳೋ ಮುಂಚೆ: ಯಾವುದು, ಯಾಕೆ, ಬೇಕೇ ಬೇಕಾ?

ನಮ್ಮ ಕುಂದೂರು ಹೋಬಳಿಯಲ್ಲಿ ಆನೆ ಬಂದು ಹೋದ ಮಾರನೇ ದಿನ ಯುವ ಬೆಳೆಗಾರರು ಕೇಳುವ ಪ್ರಶ್ನೆ ಒಂದೇ: "ಅಣ್ಣ, ಒಂದು ಕೋವಿ ಮಾಡಿಸ್ಬೇಕು, ಯಾವುದು ಒಳ್ಳೇದು?" ನಾನು ವಾಪಸ್ ಕೇಳೋದು, "ಯಾವುದರ ಭಯಕ್ಕೆ?" ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಕೋವಿ ಆರಿಸೋದು ಸುಲಭ. ಎಷ್ಟೋ ಸಲ ಕೋವಿಯೇ ಬೇಡ ಅನ್ನಿಸುತ್ತೆ.

ಮೊದಲು ಭಯವನ್ನ ಬೇರೆ ಮಾಡಿ

ಆನೆ: ಸಾಮಾನ್ಯ 12 ಬೋರ್ ಕೋವಿಯ ಚರೆ ಆನೆಯನ್ನು ನಿಲ್ಲಿಸಲ್ಲ, ಗಾಯ ಮಾಡುತ್ತೆ ಅಷ್ಟೇ. ಗಾಯದ ಆನೆ ಎಷ್ಟು ಅಪಾಯ ಅಂತ ನಮ್ಮ ಆಲೂರು ತಾಲ್ಲೂಕಿಗೆ ಹೇಳಿಕೊಡಬೇಕಿಲ್ಲ. 2023ರ ಆಗಸ್ಟ್ 31ರಂದು ಹಳ್ಳಿಯೂರಿನ ಹತ್ತಿರ ಗಾಯಗೊಂಡಿದ್ದ ಭೀಮನಿಗೆ ಅರಿವಳಿಕೆ ಕೊಡಲು ಹೋದ 'ಆನೆ ವೆಂಕಟೇಶ್' ಅದರ ದಾಳಿಗೇ ತೀರಿಕೊಂಡರು. ವರ್ಷಗಟ್ಟಲೆ ಅದೇ ಕೆಲಸ ಮಾಡಿದವರು, ಸುತ್ತ ಇಲಾಖೆಯ ತಂಡ ಇತ್ತು. ಅದೇ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯ ಜೊತೆ ಕಾದಾಡಿ ದಸರಾ ಆನೆ ಅರ್ಜುನನೇ ಸತ್ತ. ಟಾರ್ಚ್ ಹಿಡಿದು ಒಬ್ಬರೇ ಹೋಗುವ ನಮಗೆ ಒಂದು ಕೋವಿ ಕೊಡೋದು ಹುಸಿ ಧೈರ್ಯ ಮಾತ್ರ.

ಕಾಡುಹಂದಿ: 2022ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯಲ್ಲಿ ಹಂದಿ 2ನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡಿದರೂ ಅಧಿಕಾರ ಇರುವ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ಕೋವಿ ಲೈಸೆನ್ಸ್ ಬೇರೆ, ಬೇಟೆಯ ಅನುಮತಿ ಬೇರೆ. ಒಂದಿದ್ದರೆ ಇನ್ನೊಂದೂ ಇದ್ದ ಹಾಗೆ ಅಂದುಕೊಂಡೇ ಬಹಳ ಜನ ಕೇಸು ಹಾಕಿಸಿಕೊಳ್ಳೋದು. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ 11(2)ನೇ ಕಲಂ ರಕ್ಷಣೆ ಕೊಡುತ್ತೆ. ಹೊಂಚು ಹಾಕಿ ಹೊಡೆದಿದ್ದಕ್ಕೆ ಕೊಡಲ್ಲ.

ಕಳ್ಳರು: ಕಣದಲ್ಲಿ ಒಣಗಲು ಹಾಕಿದ ಕಾಫಿ, ಬಳ್ಳಿಯ ಮೆಣಸು ಕದಿಯುವವನ ಮೇಲೆ ಸಿಟ್ಟು ಬರೋದು ಸಹಜ. ಆದರೆ ಆತ್ಮರಕ್ಷಣೆಯ ಹಕ್ಕು ಅಪಾಯ ಇದ್ದಷ್ಟೇ. ಬರೀ ಕಳ್ಳತನಕ್ಕೆ, ಓಡಿಹೋಗುತ್ತಿರುವವನ ಬೆನ್ನಿಗೆ ಗುಂಡು ಹೊಡೆದರೆ ಜೈಲಿಗೆ ಹೋಗುವವರು ನಾವು. ಪ್ರಾಣಕ್ಕೋ ತೀವ್ರ ಗಾಯಕ್ಕೋ ನಿಜವಾದ ಭಯ ಇದ್ದಾಗಿನ ಮಾತು ಬೇರೆ.

ಇಷ್ಟಾದ ಮೇಲೂ ಬೇಕು ಅಂದರೆ

ಒಂಟಿ ಮನೆ, ರಸ್ತೆಯಿಂದ ದೂರ, ಪೊಲೀಸರು ಬರೋಕೆ ಹೊತ್ತಾಗುತ್ತೆ ಅನ್ನುವವರಿಗೆ ಕಾರಣ ಇದೆ. ಆಗ ಹೋಲಿಸಿ ನೋಡಿ:

1. ಕೇಪಿನ ಕೋವಿ: ಅಗ್ಗ. ಆದರೆ ನಮ್ಮ ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತೆ. ಒಮ್ಮೆ ತುಂಬಿದರೆ ಖಾಲಿ ಮಾಡೋದು ಕಷ್ಟ, ಹಾಗಾಗಿ ತುಂಬಿದ್ದು ತುಂಬಿದ ಹಾಗೇ ಗೋಡೆಗೆ ನಿಂತಿರುತ್ತೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಕೆಟ್ಟದ್ದಿಲ್ಲ.
2. ಒಂಟಿ ನಳಿಗೆಯ ತೋಟಾ ಕೋವಿ, 12 ಬೋರ್: ಹಗುರ, ಸರಳ. ಮಡಚಿದರೆ ತೋಟಾ ಇದೆಯಾ ಇಲ್ವಾ ಕಣ್ಣಿಗೇ ಕಾಣುತ್ತೆ. ಹೊಸಬರಿಗೆ ನನ್ನ ಸಲಹೆ ಇದೇ.
3. ಜೋಡಿ ನಳಿಗೆ: ಎರಡನೇ ಈಡು ಸಿಗುತ್ತೆ. ಆದರೆ ತೂಕ ಹೆಚ್ಚು, ಬೆಲೆ ಹೆಚ್ಚು. ಒಂದು ಹಾರಿಸಿದ ಮೇಲೆ ಇನ್ನೊಂದು ನಳಿಗೆ ತುಂಬಿರೋದು ಮರೆತುಹೋಗುವ ಅಪಾಯ ಇದೆ.
4. ರೈಫಲ್, ಪಿಸ್ತೂಲು: ತೋಟಕ್ಕೆ ಬೇಡ. ರೈಫಲ್ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತೆ. ಗಿಡದ ಆಚೆ ಲೈನ್ ಮನೆ ಇದೆಯಾ, ಯಾರಾದರೂ ಇದ್ದಾರಾ ಕಾಣಲ್ಲ. ಪಿಸ್ತೂಲಿನಲ್ಲಿ ಗುರಿ ಹಿಡಿಯೋಕೆ ತುಂಬಾ ಅಭ್ಯಾಸ ಬೇಕು.

ಲೈಸೆನ್ಸ್ ದಾರಿ

ಕೊಡಗಿನ ಗೆಳೆಯರನ್ನ ನೋಡಿ ಮೋಸ ಹೋಗ್ಬೇಡಿ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನ 2029ರವರೆಗೆ ವಿಸ್ತರಿಸಲಾಗಿದೆ. ಹಾಸನ ಜಿಲ್ಲೆಯ ರೈತರಿಗೆ ಅದು ಇಲ್ಲ. ಅವರ ಕೋವಿ ಎರವಲು ತರೋದೂ ಅಪರಾಧ.

- ವಯಸ್ಸು 21 ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ನಂತರ ಪೊಲೀಸ್ ವರದಿ ಆಗುತ್ತೆ.
- 2016ರ ಶಸ್ತ್ರ ನಿಯಮಗಳ ಪ್ರಕಾರ ಸುರಕ್ಷಿತ ಬಳಕೆಯ ತರಬೇತಿ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ ಬೇಕು.
- 2019ರ ತಿದ್ದುಪಡಿಯ ಮೇಲೆ ಲೈಸೆನ್ಸ್ ಅವಧಿ 5 ವರ್ಷ. ನವೀಕರಣದ ದಿನ ಮೊಬೈಲ್‌ನಲ್ಲಿ ರಿಮೈಂಡರ್ ಹಾಕಿಡಿ.
- ಚುನಾವಣೆ ಬಂದಾಗ ಠೇವಣಿ ಇಡಲು ಆದೇಶ ಬರಬಹುದು. ರಸೀದಿ ತಗೊಳ್ಳಿ.
- ಲೈಸೆನ್ಸ್ ಇಲ್ಲದ ನಾಡ ಬಂದೂಕು ಸಿಕ್ಕರೆ 2ರಿಂದ 5 ವರ್ಷ ಜೈಲು. "ಅಜ್ಜನ ಕಾಲದ್ದು" ಅನ್ನೋದು ಉತ್ತರ ಅಲ್ಲ. ಅಜ್ಜ ತೀರಿಕೊಂಡ ಮೇಲೆ ಅವರ ಲೈಸೆನ್ಸ್ ಕೋವಿ ಮನೆಯಲ್ಲೇ ಇದ್ದರೂ ಕೂಡಲೇ ಠಾಣೆಗೆ ತಿಳಿಸಿ.

ಮನೆಯೊಳಗೆ

ಕೋವಿ ಖಾಲಿ ಇರಬೇಕು, ಬೀಗದೊಳಗೆ ಇರಬೇಕು. ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿ. ಬೀಗದ ಕೈ ನಿಮ್ಮ ಹತ್ತಿರ ಮಾತ್ರ. ಕುಡಿದಾಗ ಮುಟ್ಟಲೇಬೇಡಿ. ಸಾಲದ ಚಿಂತೆಯಲ್ಲೋ, ಬೇಜಾರಲ್ಲೋ, ಜಗಳದಲ್ಲೋ ಇರುವವರು ಮನೆಯಲ್ಲಿದ್ದರೆ ಸದ್ಯಕ್ಕೆ ಕೋವಿ ತರಬೇಡಿ. ಇದ್ದರೆ ಪರವಾನಗಿ ಇರುವ ಅಂಗಡಿಯಲ್ಲಿ ಠೇವಣಿ ಇಡಿ. ಒಂದು ಕ್ಷಣದ ದುಡುಕಿಗೆ ಕೋವಿ ಎರಡನೇ ಅವಕಾಶ ಕೊಡಲ್ಲ. ರಾತ್ರಿ ತೋಟದಲ್ಲಿ ಸೊಪ್ಪು ಅಲುಗಾಡಿದ ಕಡೆಗೆ ಎಂದೂ ಹೊಡೀಬೇಡಿ. ಏನು ಅಂತ ಕಣ್ಣಿಗೆ ಕಾಣದಿದ್ದರೆ ಬೆರಳು ಕುದುರೆಯಿಂದ ಹೊರಗೇ ಇರಲಿ.

ಈ ವಾರವೇ ಮಾಡಬಹುದಾದ್ದು

ಅರಣ್ಯ ಇಲಾಖೆಯ ಆನೆ ಸಂಚಾರದ ಸಂದೇಶಕ್ಕೆ ನಿಮ್ಮ ನಂಬರ್ ಸೇರಿಸಿ, ಕೂಲಿಗೆ ಬರುವವರ ನಂಬರನ್ನೂ ಸೇರಿಸಿ. ಸಹಾಯವಾಣಿ 1926, ಪೊಲೀಸ್ 112 ಫೋನಿನಲ್ಲಿ ಇರಲಿ. ಆನೆ ಇದೆ ಅಂತ ಗೊತ್ತಾದ ಕಡೆ ಬೆಳಗ್ಗೆ ಕೆಲಸ ತಡವಾಗಿ ಶುರು ಮಾಡಿ. ಕಣಕ್ಕೂ ಅಂಗಳಕ್ಕೂ ಒಳ್ಳೆ ದೀಪ ಹಾಕಿಸಿ. ಬೆಳೆ ಹಾನಿಯಾದರೆ ತುಳಿದ ಗಿಡ ತೆಗೆಯೋ ಮುಂಚೆ ದಿನಾಂಕ, ಜಾಗ ಕಾಣುವ ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ ಹಾಕಿ.

ಇಷ್ಟು ಮಾಡಿ ಒಂದು ಕೊಯ್ಲು ಕಳೀಲಿ. ಆಮೇಲೂ ಬೇಕು ಅನ್ನಿಸಿದರೆ, ಒಂಟಿ ನಳಿಗೆ, ಲೈಸೆನ್ಸ್, ತರಬೇತಿ, ಎರಡು ಬೀಗ. ಈ ನಾಲ್ಕರಲ್ಲಿ ಒಂದು ಕಮ್ಮಿ ಇದ್ದರೂ ಕೋವಿ ಮನೆಗೆ ಬರೋದು ಬೇಡ.