ಗದ್ದದ ಶಸ್ತ್ರಚಿಕಿತ್ಸೆ: ಯಾರಿಗೆ, ಯಾವಾಗ?

ಗದ್ದ, ಗಲ್ಲ, ಗಡ್ಡ ಎಂಬ ಮಾತುಗಳನ್ನು ನಾವು ಒಂದರ ಬದಲಿಗೆ ಇನ್ನೊಂದನ್ನು ಆಡುವುದುಂಟು. ಕೆಳತುಟಿಯ ಕೆಳಗೆ ಮುಂದಕ್ಕೆ ಚಾಚಿದ ಭಾಗ ಗದ್ದ. ಅಲ್ಲಿ ಬೆಳೆಯುವ ಕೂದಲು ಗಡ್ಡ. ಗಲ್ಲವೆಂದರೆ ಕೆಲವು ಕಡೆ ಕೆನ್ನೆ, ಕೆಲವು ಕಡೆ ಗದ್ದ. ನೆರೆಯ ಮಲಯಾಳದಲ್ಲಿ ಗದ್ದಕ್ಕೂ ಗಡ್ಡಕ್ಕೂ ‘ತಾಡಿ’ ಎಂಬ ಒಂದೇ ಶಬ್ದ. ಸಂಸ್ಕೃತದಲ್ಲಿ ಗದ್ದಕ್ಕೆ ‘ಚಿಬುಕ’ ಎಂದೂ ದವಡೆಗೆ ‘ಹನು’ ಎಂದೂ ಹೆಸರು. ವಜ್ರಾಯುಧದ ಪೆಟ್ಟಿನಿಂದ ಹನು ಮುರಿದುದರಿಂದ ಆಂಜನೇಯನು ಹನುಮಂತನಾದ ಕಥೆಯನ್ನು ಇಲ್ಲಿ ನೆನಪಿಟ್ಟುಕೊಳ್ಳಿರಿ. ದವಡೆಗೆ ಬೀಳುವ ಪೆಟ್ಟಿನ ವಿಚಾರ ಮುಂದೆ ಬರಲಿದೆ.

ಇತ್ತೀಚೆಗೆ ಮೇಲಿನ ತರಗತಿಗಳ ಮಕ್ಕಳು, ಹುಡುಗಿಯರಷ್ಟೇ ಅಲ್ಲ, ಹುಡುಗರು ಕೂಡ, ತಮ್ಮ ಫೋಟೋ ನೋಡಿಕೊಂಡು “ಗದ್ದ ಒಳಕ್ಕೆ ಹೋಗಿದೆ, ಆಪರೇಷನ್ ಮಾಡಿಸಿದರೆ ಸರಿಯಾದೀತೇ?” ಎಂದು ವಿಚಾರಿಸತೊಡಗಿದ್ದಾರೆ. ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ಸಣ್ಣ ಗದ್ದದ ಹಿಂದೆ ಹೆಚ್ಚಿನ ಸಲ ಯಾವ ದೋಷವೂ ಇರುವುದಿಲ್ಲವಾದರೂ ಕೆಲವೊಮ್ಮೆ ಬೇಗನೆ ಚಿಕಿತ್ಸೆಯಾಗಬೇಕಾದ ದೋಷವಿರುತ್ತದೆ.

ಮೊದಲು ಫೋಟೋದ ಮಾತು. ಮುಖದಿಂದ ಒಂದು ಅಡಿ ದೂರದಲ್ಲಿ ಮೊಬೈಲ್ ಹಿಡಿದು ತೆಗೆದ ಚಿತ್ರದಲ್ಲಿ ಮೂಗು, ಐದು ಅಡಿ ದೂರದಿಂದ ತೆಗೆದುದಕ್ಕಿಂತ ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ಮೂಗು ದೊಡ್ಡದಾಗಿ ಕಂಡರೆ ಗದ್ದ ತಾನಾಗಿಯೇ ಸಣ್ಣದೆನಿಸುತ್ತದೆ. ಇನ್ನು ಪಕ್ಕದಿಂದ ನೋಡಿ ಅಳೆಯುವ ಕ್ರಮವೂ ಒಂದಿದೆ. ಮೂಗಿನ ತುದಿಯಿಂದ ಗದ್ದದ ತುದಿಗೆ ಒಂದು ನೇರ ಗೆರೆ ಎಳೆದರೆ ತುಟಿಗಳು ಅದರಿಂದ ತುಸು ಹಿಂದಿರಬೇಕೆಂದು ಅಮೆರಿಕದ ದಂತತಜ್ಞ ರಿಕೆಟ್ಸ್ ಹೇಳಿದರು. ಆ ಅಳತೆ ಹುಟ್ಟಿದ್ದು ಹೆಚ್ಚಾಗಿ ಬಿಳಿಯ ಜನರ ಮುಖಗಳನ್ನು ನೋಡಿ. ನಮ್ಮವರಲ್ಲಿ ಅನೇಕರ ತುಟಿಗಳು ಆ ಗೆರೆಯನ್ನು ಮುಟ್ಟುತ್ತವೆ, ದಾಟುವುದೂ ಉಂಟು. ಪರದೇಶದ ಅಳತೆಗೋಲಿಗೆ ಹೊಂದದ್ದನ್ನೆಲ್ಲ ಊನವೆಂದು ತಿಳಿಯುವುದು ನಮಗೆ ಸರಿಕಾಣುವುದಿಲ್ಲ.

ಅದಲ್ಲದೆ, ಕೆಳದವಡೆಯು ಮೇಲ್ದವಡೆಗಿಂತ ತಡವಾಗಿ ಬೆಳೆದು ಮುಗಿಯುವ ಎಲುಬು. ಹುಡುಗಿಯರಲ್ಲಿ ಸುಮಾರು 16, ಹುಡುಗರಲ್ಲಿ 18 ವರ್ಷದವರೆಗೆ, ಕೆಲವರಲ್ಲಿ ಅದರಾಚೆಗೂ ಬೆಳವಣಿಗೆ ಸಾಗುತ್ತದೆ. ಎಂಟನೆಯ ತರಗತಿಯಲ್ಲಿ ಒಳಸರಿದಂತೆ ಕಂಡ ಗದ್ದ ಕಾಲೇಜು ಸೇರುವ ಹೊತ್ತಿಗೆ ಮುಂದೆ ಬಂದಿರಬಹುದು. ಆದುದರಿಂದಲೇ ಅಂದಕ್ಕಾಗಿ ಮಾತ್ರ ಮಾಡುವ ಈ ಶಸ್ತ್ರಚಿಕಿತ್ಸೆಯನ್ನು ಬೆಳವಣಿಗೆ ಮುಗಿಯುವ ಮೊದಲು ವೈದ್ಯರು ಸಾಮಾನ್ಯವಾಗಿ ಮಾಡುವುದಿಲ್ಲ.

ಅದನ್ನು ಮಾಡುವ ಬಗೆ ಮುಖ್ಯವಾಗಿ ಎರಡು. ಸಿಲಿಕೋನಿನಂತಹ ವಸ್ತುವಿನ ತುಂಡೊಂದನ್ನು ಗದ್ದದ ಎಲುಬಿನ ಮುಂದೆ ಇರಿಸುವುದು ಒಂದು ಬಗೆ. ಅದು ಜರುಗಬಹುದು, ಕೀವಾಗಬಹುದು, ಕೆಳಗಿನ ಎಲುಬನ್ನು ಕ್ರಮೇಣ ಸವೆಸಲೂಬಹುದು. ಇನ್ನೊಂದು ಬಗೆಯಲ್ಲಿ ಗದ್ದದ ಎಲುಬನ್ನೇ ಹಲ್ಲಿನ ಬೇರುಗಳ ಕೆಳಗೆ ಅಡ್ಡಲಾಗಿ ಕೊಯ್ದು, ಕೆಲವು ಮಿಲಿಮೀಟರ್ ಮುಂದಕ್ಕೆ ಸರಿಸಿ, ಟೈಟೇನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. 1957ರಲ್ಲಿ ಟ್ರೌನರ್ ಮತ್ತು ಒಬ್‌ವೆಗೆಸರ್ ಎಂಬ ವೈದ್ಯರು ಇದನ್ನು ಬಾಯಿಯ ಒಳಗಿನಿಂದಲೇ ಮಾಡುವ ಕ್ರಮವನ್ನು ವಿವರಿಸಿದ ಮೇಲೆ ಮುಖದ ಹೊರಗೆ ಗಾಯದ ಗುರುತು ಉಳಿಯದಂತಾಯಿತು. ಆದರೆ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವ ನರವು ಅಲ್ಲೇ ಹತ್ತಿರದಲ್ಲಿ ಎಲುಬಿನಿಂದ ಹೊರಬರುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಮರಗಟ್ಟುತ್ತದೆ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಯಾಗುತ್ತದೆ. ಕೆಲವರಿಗೆ ಶಾಶ್ವತವಾಗಿ ಉಳಿಯುತ್ತದೆ. ಇಷ್ಟನ್ನೂ ತಿಳಿದು, ಪ್ರಾಯಕ್ಕೆ ಬಂದ ಮೇಲೆ, ಬೇಕೆಂದು ನಿಶ್ಚಯಿಸಿದವರನ್ನು ಹಳಿಯಲು ನಮಗೇನೂ ಕಾರಣವಿಲ್ಲ.

ಹೆತ್ತವರು ಗಮನಿಸಬೇಕಾದದ್ದು ಬೇರೆ. ಮೇಲಿನ ಮುಂಬಲ್ಲುಗಳು ಕೆಳಗಿನವುಗಳಿಗಿಂತ ಬಹಳ ಮುಂದಿದ್ದರೆ ಕೊರತೆಯಿರುವುದು ಗದ್ದದ ತುದಿಯಲ್ಲಲ್ಲ, ಇಡೀ ಕೆಳದವಡೆಯಲ್ಲಿರಬಹುದು. ಗದ್ದದ ಶಸ್ತ್ರಚಿಕಿತ್ಸೆಯಿಂದ ಹಲ್ಲುಗಳ ಕಚ್ಚು ಬದಲಾಗದು. ಇದಕ್ಕೆ ಬೆಳೆಯುವ ವಯಸ್ಸಿನಲ್ಲೇ ಕೆಳದವಡೆಯನ್ನು ಮುಂದೆ ಹಿಡಿದಿರಿಸುವ ಸಾಧನಗಳನ್ನು ಹಲ್ಲುಗಳಿಗೆ ತೊಡಿಸುತ್ತಾರೆ. ಹತ್ತರಿಂದ ಹದಿನಾಲ್ಕರೊಳಗೆ ತೋರಿಸಿದರೆ ಒಳ್ಳೆಯದು. ಬೆಳವಣಿಗೆ ಮುಗಿದ ಬಳಿಕ ಉಳಿಯುವುದು ಹೆಚ್ಚಾಗಿ ದೊಡ್ಡ ಶಸ್ತ್ರಚಿಕಿತ್ಸೆಯೇ.

ಇನ್ನೊಂದು ಕಾರಣ ಬಿದ್ದ ಪೆಟ್ಟು. ಮಗು ಮರದಿಂದಲೋ ಸೈಕಲಿನಿಂದಲೋ ಬಿದ್ದು ಗದ್ದ ನೆಲಕ್ಕೆ ಬಡಿದಾಗ ನಾವೆಲ್ಲ ನೋಡುವುದು ಗದ್ದದ ಗಾಯವನ್ನು. ಹೊಲಿಗೆ ಹಾಕಿಸುತ್ತೇವೆ, ಒಣಗುತ್ತದೆ, ಮರೆಯುತ್ತೇವೆ. ಆದರೆ ಆ ಪೆಟ್ಟು ಎಲುಬಿನ ಮೂಲಕ ಸಾಗಿ ಕಿವಿಯ ಮುಂದಿನ ದವಡೆಯ ಕೀಲನ್ನು ಮುಟ್ಟಿರುತ್ತದೆ. ಅಲ್ಲಿ ಎಲುಬು ಮುರಿದದ್ದು ಗೊತ್ತಾಗದೆ ಹೋದರೆ ಕೀಲು ಕ್ರಮೇಣ ಬೆಸೆದುಕೊಂಡು ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರಬಹುದು. ಆ ಬದಿಯ ದವಡೆ ಬೆಳೆಯದೆ ಗದ್ದ ಸಣ್ಣದಾಗಿ ಒಂದು ಕಡೆಗೆ ವಾಲುತ್ತದೆ. ಉಣ್ಣುವುದಕ್ಕೂ ಹಲ್ಲುಜ್ಜುವುದಕ್ಕೂ ಕಷ್ಟ. ನಿದ್ದೆಯಲ್ಲಿ ಉಸಿರು ಕಟ್ಟುವುದೂ ಉಂಟು. ಇಂತಹ ಮಗುವಿಗೆ ದೊಡ್ಡವನಾಗುವವರೆಗೆ ಕಾಯೋಣವೆಂಬ ಮಾತು ಸಲ್ಲದು.

ಇದನ್ನು ಮನೆಯಲ್ಲೇ ನೋಡಿಕೊಳ್ಳಲು ಸುಲಭದ ದಾರಿಯಿದೆ. ಮಗು ಬಾಯಿಯನ್ನು ಅಗಲಿಸಿ, ತನ್ನದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಲಿ. ಮೂರೂ ಹಿಡಿಸದಿದ್ದರೆ, ಅಥವಾ ಬಾಯಿ ತೆರೆಯುವಾಗ ಗದ್ದ ಒಂದು ಬದಿಗೆ ಸರಿದರೆ, ದಂತವೈದ್ಯರಿಗೆ ತೋರಿಸಿರಿ. ಹಿಂದೆ ಎಂದಾದರೂ ಗದ್ದ ಬಡಿದು ಬಿದ್ದದ್ದಿದ್ದರೆ, ವರ್ಷಗಳೇ ಕಳೆದಿದ್ದರೂ, ಅದನ್ನು ಅವರಲ್ಲಿ ಹೇಳಿರಿ.