ಬರಹದ ಶುದ್ಧಿ

ಆಡಿದ ಮಾತು ತಿಳಿಯದಿದ್ದರೆ ಕೇಳಿದವನು ಮರಳಿ ಕೇಳಬಹುದು. ಬರೆದ ಮಾತಿಗೆ ಆ ಅನುಕೂಲವಿಲ್ಲ. ಬರೆದವನು ಹತ್ತಿರವಿಲ್ಲದಾಗಲೂ ಅದು ತನ್ನ ಅರ್ಥವನ್ನು ತಾನೇ ಹೇಳಬೇಕು. ಆದುದರಿಂದ ಬರಹವನ್ನು ತಿದ್ದುವುದು ಪಂಡಿತರ ಕೆಲಸ ಮಾತ್ರವಲ್ಲ. ಸತ್ಯಶುದ್ಧ ಕಾಯಕವನ್ನು ನಂಬಿದ ಪ್ರತಿಯೊಬ್ಬ ಸದ್ಗೃಹಸ್ಥನ ಕರ್ತವ್ಯವೂ ಅಹುದು.

ಕೋಗಳಿನಾಡಿಗೆ ಗದ್ಯದ ನಂಟು ಬಹು ಹಳೆಯದು. ಕನ್ನಡದ ಪ್ರಾಚೀನ ಗದ್ಯದಲ್ಲಿ ಅಗ್ರಸ್ಥಾನ ಪಡೆದಿರುವ, ೧೯ ಕಥೆಗಳ ಜೈನಕೃತಿ ವಡ್ಡಾರಾಧನೆಯ ಕರ್ತೃವೆನ್ನಲಾದ ಶಿವಕೋಟ್ಯಾಚಾರ್ಯನು ಕೋಗಳಿಯವನೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ತರುವಾಯ ೧೨ನೆಯ ಶತಮಾನದ ಶರಣರು ಜನರ ಆಡುನುಡಿಯಲ್ಲಿಯೇ ಅನುಭಾವವನ್ನು ನುಡಿದರು. ಹೊಲ, ಮಗ್ಗ, ದೋಣಿ, ಅಡಿಗೆಮನೆಗಳ ಶಬ್ದಗಳೇ ಅವರಿಗೆ ಸಾಕಾದುವು.

ಆ ವಚನಗಳು ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಉಳಿದುಬಂದುವು. ಓಲೆಯಲ್ಲಿ ಪದಪದಗಳ ನಡುವೆ ತೆರವಿಲ್ಲ. ಇಂದಿನ ಅಲ್ಪವಿರಾಮ, ಪ್ರಶ್ನಾರ್ಥಕಗಳಿಲ್ಲ. ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಲೂ ಇರಲಿಲ್ಲ. ಹೀಗಾಗಿ ‘ಬೆರೆ’ ಎಂಬುದೂ ‘ಬೇರೆ’ ಎಂಬುದೂ ಅಲ್ಲಿ ಒಂದೇ ರೂಪದಲ್ಲಿ ಕಾಣುವುವು. ಒಂದು ಲಿಂಗದಲ್ಲಿ ಕೂಡುವ ಮಾತು, ಇನ್ನೊಂದು ಅಗಲಿ ನಿಲ್ಲುವ ಮಾತು! ಓದುವವನು ಎಚ್ಚರದಪ್ಪಿದರೆ ಶರಣನ ಅಭಿಪ್ರಾಯವೇ ತಿರುಗಿಬೀಳುವುದು. ಫ. ಗು. ಹಳಕಟ್ಟಿಯವರು ಇಂತಹ ಓಲೆಗಳನ್ನು ಊರೂರು ತಿರುಗಿ ಕೂಡಿಸಿ, ಓದಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. ಅಕ್ಷರದ ಮೇಲಣ ಆ ಶ್ರದ್ಧೆಯ ಫಲವನ್ನು ಇಂದು ಮನೆಮನೆಯ ಭಕ್ತರು ಉಣ್ಣುತ್ತಿದ್ದಾರೆ.

ಓಲೆಗಿದ್ದ ಕೊರತೆ ಇಂದಿನ ಬರಹಕ್ಕಿಲ್ಲ. ಆದರೂ ಒತ್ತು, ದೀರ್ಘಗಳಲ್ಲಿ ಉದಾಸೀನವೇಕೆ? ‘ಹಾಲು’ ಬರೆಯಬೇಕಾದಲ್ಲಿ ‘ಹಾಳು’ ಬರೆದರೆ ದಾಸೋಹದ ಲೆಕ್ಕವೇ ನಗೆಗೀಡಾಗುವುದು.

ಇನ್ನು ಶಬ್ದಗಳ ಆಯ್ಕೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಹೇಳಿದಳೆಂಬ ಕಥೆ ಸುಪ್ರಸಿದ್ಧ. ಬರಹದಲ್ಲಿಯೂ ಲಕ್ಕಮ್ಮನಂತಹ ಪರೀಕ್ಷಕರು ಬೇಕು. “ಬರುವ ಸೋಮವಾರ ದಿವಸದಂದು ಶ್ರೀಮಠದಲ್ಲಿ ದಾಸೋಹದ ಕಾರ್ಯಕ್ರಮವನ್ನು ಏರ್ಪಡಿಸಲಾಗಿದ್ದು, ಸದರಿ ಕಾರ್ಯಕ್ರಮಕ್ಕೆ ಸಮಸ್ತ ಭಕ್ತರೆಲ್ಲರೂ ಆಗಮಿಸಬೇಕಾಗಿ ವಿನಂತಿ” ಎಂದು ಬರೆಯುವುದುಂಟು. “ಬರುವ ಸೋಮವಾರ ಶ್ರೀಮಠದಲ್ಲಿ ದಾಸೋಹವಿದೆ; ಭಕ್ತರೆಲ್ಲರೂ ದಯಮಾಡಿಸಬೇಕು” ಎಂದರೆ ಏನು ಕೊರತೆಯಾಯಿತು? ವಿನಯ ಉಳಿಯಿತು, ಮಿಕ್ಕ ಅಕ್ಕಿ ಮರಳಿ ಹೋಯಿತು.

ಆದರೆ ಮಿತವಾದ ಮಾತೂ ಸಂದಿಗ್ಧವಾಗಬಾರದು. “ಕೊಟ್ರಪ್ಪನು ಬಸಪ್ಪನಿಗೆ ಹಣ ಕೊಟ್ಟಿದ್ದಾನೆ; ಅವನು ಹೊಲವನ್ನು ಬಿಟ್ಟುಕೊಡತಕ್ಕದ್ದು” ಎಂಬ ಕರಾರಿನಲ್ಲಿ ‘ಅವನು’ ಯಾರು? ಬರೆದ ದಿನ ಇಬ್ಬರಿಗೂ ಗೊತ್ತು. ಅವರ ಮಕ್ಕಳ ಕಾಲಕ್ಕೆ ಅದೇ ವ್ಯಾಜ್ಯಕ್ಕೆ ಮೂಲ. ‘ಬಸಪ್ಪನು’ ಎಂದು ಇನ್ನೊಮ್ಮೆ ಬರೆದಿದ್ದರೆ ಎರಡು ಮನೆಗಳ ನೆಮ್ಮದಿ ಉಳಿಯುತ್ತಿದ್ದಿತು. ಅಲ್ಲಿ ಆ ಹೆಸರು ಹೆಚ್ಚಿನ ಮಾತಲ್ಲ, ಅವಶ್ಯವಾದ ಮಾತು.

ತಿದ್ದುವ ಕ್ರಮ ಕಷ್ಟದ್ದಲ್ಲ. ಬರೆದುದನ್ನು ಒಂದು ರಾತ್ರಿ ಬಿಟ್ಟು, ಮರುದಿನ ಪೂಜೆ ತೀರಿದ ಮೇಲೆ ಗಟ್ಟಿಯಾಗಿ ಓದಬೇಕು. ನಾಲಗೆ ತೊಡರಿದಲ್ಲಿ ವಾಕ್ಯವನ್ನು ಒಡೆಯಬೇಕು. ಬಳಿಕ ಮನೆಯವರೊಬ್ಬರಿಗೆ ಓದಿಹೇಳಿ, ಅವರಿಗೆ ತಿಳಿದುದೇನೆಂದು ಕೇಳಬೇಕು. ಆದರೆ ತಿದ್ದುವ ಭರದಲ್ಲಿ ಊರ ನುಡಿಯನ್ನು ಅಳಿಸಿ ಕಠಿಣ ಶಬ್ದಗಳನ್ನು ತುಂಬಬಾರದು. ಮಡಿವಾಳ ಮಾಚಯ್ಯನ ಕಾಯಕದಲ್ಲಿ ಕೊಳೆ ಹೋಗಬೇಕು, ಬಟ್ಟೆ ಹರಿಯಬಾರದು. ಬರಹವನ್ನು ಮಡಿಮಾಡುವವರೂ ಇದನ್ನು ಮನಗಾಣುವುದು ಒಳಿತು.